ಶಾರ್ಟ್ ಫಿಲ್ಮ್‌ಗೆ ಊರವರ ದುಡ್ಡು: ಅನುಮಾನ ಪಡುವವರನ್ನು ಒಪ್ಪಿಸುವುದು ಹೇಗೆ?

ಶಾರ್ಟ್ ಫಿಲ್ಮ್ ಮಾಡಬೇಕು, ದುಡ್ಡು ಬೇಕು ಅಂತ ಹಾಸನದಲ್ಲೋ ಚಿಕ್ಕಮಗಳೂರಲ್ಲೋ ನಾಲ್ಕು ಜನರನ್ನು ಕೇಳಿ ನೋಡಿ. "ಕಥೆ ಏನು?" ಅನ್ನುವ ಪ್ರಶ್ನೆ ನಿಧಾನಕ್ಕೆ ಬರುತ್ತದೆ. ಮೊದಲು ಬರುವುದು "ಮುಗಿಸ್ತೀಯೇನಪ್ಪಾ?" ಅನ್ನುವುದು. ಕೆಲವರು ಮರ್ಯಾದೆಗೆ ಹಾಗೆ ಕೇಳುವುದಿಲ್ಲ. "ನೋಡೋಣ, ಮುಂದಿನ ವಾರ ಬಾ" ಅನ್ನುತ್ತಾರೆ. ಅದರ ಅರ್ಥವೂ ಅದೇ.

ಅವರನ್ನು ದೂರಿ ಪ್ರಯೋಜನ ಇಲ್ಲ. ಶುರುವಾಗಿ ನಿಂತುಹೋದ ಪಿಕ್ಚರ್‌ನ ಕಥೆ ನಮ್ಮ ಕಡೆ ಎಲ್ಲಿ ಹೋದರೂ ಒಂದಾದರೂ ಕಿವಿಗೆ ಬೀಳುತ್ತದೆ. ಕ್ಯಾಮೆರಾ ಬಂತು, ಎರಡು ದಿನ ತೋಟದಲ್ಲಿ ಗದ್ದಲ ಆಯಿತು, ಆಮೇಲೆ ಹುಡುಗರ ಫೋನೇ ಇಲ್ಲ. ಹಾಗೆ ಕೈ ಸುಟ್ಟುಕೊಂಡವರೋ, ಸುಟ್ಟುಕೊಂಡವರನ್ನು ಹತ್ತಿರದಿಂದ ನೋಡಿದವರೋ ನಿಮ್ಮ ಮುಂದೆ ಕೂತಿರುತ್ತಾರೆ. ಅಂಥವರಿಗೆ ಇನ್ನಷ್ಟು ಜೋರಾಗಿ ಕಥೆ ಹೇಳಿದರೆ ಅನುಮಾನ ಜಾಸ್ತಿಯೇ ಆಗುತ್ತದೆ. ಈ ಹುಡುಗರು ಕೆಲಸ ಮುಗಿಸುತ್ತಾರೆ, ಲೆಕ್ಕ ಕೊಡುತ್ತಾರೆ ಅನ್ನುವುದಕ್ಕೆ ಕಣ್ಣಿಗೆ ಕಾಣುವ ಗುರುತು ಅವರಿಗೆ ಬೇಕು. ಆ ಗುರುತುಗಳನ್ನು ಒಂದೊಂದಾಗಿ ಮಾಡಿಕೊಳ್ಳುವ ಕ್ರಮ ಇಲ್ಲಿದೆ.

ಲೂಸಿಯಾ ಉದಾಹರಣೆ ಕೊಡುವ ಮೊದಲು

ಕನ್ನಡದಲ್ಲಿ ಕ್ರೌಡ್‌ಫಂಡಿಂಗ್, ಅಂದರೆ ಜನರಿಂದ ಸ್ವಲ್ಪ ಸ್ವಲ್ಪ ದುಡ್ಡು ಸೇರಿಸಿ ಸಿನಿಮಾ ಮಾಡುವುದು, ಅಂದ ಕೂಡಲೇ ಎಲ್ಲರೂ 2013ರ 'ಲೂಸಿಯಾ' ಹೆಸರು ತೆಗೆಯುತ್ತಾರೆ. ಸುಮಾರು 110 ಜನ ಸೇರಿ 27 ದಿನದಲ್ಲಿ 51 ಲಕ್ಷ ಕೊಟ್ಟರು ಅನ್ನುವುದು ನಿಜ. ಆದರೆ ಅದರ ನಿರ್ದೇಶಕ ಪವನ್ ಕುಮಾರ್ ಅಷ್ಟರಲ್ಲಿ ಒಂದು ಸಿನಿಮಾ ಮುಗಿಸಿ ಥಿಯೇಟರ್‌ಗೆ ತಂದಿದ್ದರು. ದುಡ್ಡು ಹಾಕಿದವರಿಗೆ ಅವರ ಕೆಲಸ ಗೊತ್ತಿತ್ತು. ಇನ್ನೂ ಹಿಂದೆ ಹೋದರೆ 1976ರ 'ಮಂಥನ್' ಇದೆ. ಗುಜರಾತಿನ 5 ಲಕ್ಷ ರೈತರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಶ್ಯಾಮ್ ಬೆನಗಲ್ ಅವರ ಸಿನಿಮಾ. ಆ ರೈತರೆಲ್ಲ ಮೊದಲೇ ಹಾಲಿನ ಸಹಕಾರ ಸಂಘದಲ್ಲಿ ಇದ್ದವರು. ದಿನಾ ಹಾಲು ಹಾಕಿ ದುಡ್ಡು ಎಣಿಸಿಕೊಂಡ ವ್ಯವಸ್ಥೆಯೇ ಬಂದು ಕೇಳಿದಾಗ 2 ರೂಪಾಯಿ ಕೊಡುವುದು ಕಷ್ಟ ಆಗಲಿಲ್ಲ.

ಎರಡೂ ಕಡೆ ನಂಬಿಕೆ ಮೊದಲು ಇತ್ತು, ದುಡ್ಡು ಆಮೇಲೆ ಬಂತು. ಹಾಗಾಗಿ ಅಂಗಡಿಯ ಯಜಮಾನರ ಮುಂದೆ "ಲೂಸಿಯಾಗೆ ಬಂತಲ್ಲ ಸರ್" ಅನ್ನಬೇಡಿ. "ಅವರು ಪವನ್ ಕುಮಾರ್, ನೀನ್ಯಾರಪ್ಪಾ?" ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಮ್ಮನ್ನು ಈಗಾಗಲೇ ನಂಬಿರುವ ಗುಂಪು ಯಾವುದು ಅಂತ ಮೊದಲು ಹುಡುಕಿಕೊಳ್ಳಿ. ಕಾಲೇಜಿನ ನಾಟಕ ತಂಡ, ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು, ನೀವು ಮದುವೆ ವಿಡಿಯೋ ಮಾಡಿಕೊಟ್ಟ ಮನೆಗಳು, ಬೀದಿಯ ಕ್ರಿಕೆಟ್ ಟೀಮ್. ಮದುವೆ ವಿಡಿಯೋವನ್ನು ಹೇಳಿದ ದಿನಕ್ಕೆ ಕೊಟ್ಟಿದ್ದರೆ ಆ ಮನೆಯವರಷ್ಟು ಒಳ್ಳೆ ಸಾಕ್ಷಿ ಬೇರೆ ಇಲ್ಲ.

1. ಬಜೆಟ್ ಬಿಡಿಸಿ ಬರೆಯಿರಿ

ಯಾರ ಹತ್ತಿರವೂ ಹೋಗುವ ಮೊದಲು ಮಾಡಬೇಕಾದ ಕೆಲಸ ಇದು. ಸೋಮಾರಿತನ ಮಾಡುವುದೂ ಇಲ್ಲೇ ಹೆಚ್ಚು.

"ಊಟ: 20,000" ಅಂತ ಬರೆದರೆ ಓದುವವರಿಗೆ ಅಂದಾಜು ಹೊಡೆದಿದ್ದಾರೆ ಅನ್ನಿಸುತ್ತದೆ. "18 ಜನ, 3 ದಿನ, ತಲೆಗೆ ದಿನಕ್ಕೆ 350, ಒಟ್ಟು 18,900" ಅಂತ ಬರೆದು ನೋಡಿ. ವ್ಯಾಪಾರ ಮಾಡುವವರು ತಕ್ಷಣ ಲೆಕ್ಕಕ್ಕೆ ಕೂರುತ್ತಾರೆ. "350 ಯಾಕಪ್ಪಾ? ನಮ್ಮ ಅಡುಗೆ ಭಟ್ಟರಿಗೆ ಹೇಳಿದ್ರೆ ಇನ್ನೂ ಕಡಿಮೆ ಆಗುತ್ತೆ" ಅಂತ ಒಬ್ಬರು ಅಂದರೆ ಖುಷಿಪಡಿ. ಅನುಮಾನ ಪಡುತ್ತಿದ್ದವರು ನಿಮ್ಮ ಕಡೆ ಕೂತು ಲೆಕ್ಕ ಹಾಕಲು ಶುರು ಮಾಡಿದರು ಅಂತ ಅರ್ಥ. ದುಂಡಗಿನ ಅಂಕಿ ತೋರಿಸಿದರೆ ಹೀಗೆ ಆಗುವುದಿಲ್ಲ.

ಹೀಗೆ ಪ್ರತಿ ಸಾಲನ್ನೂ ಬಿಡಿಸಿ. ಕ್ಯಾಮೆರಾ, ಲೆನ್ಸ್, ಲೈಟ್ ಬಾಡಿಗೆ ದಿನಕ್ಕೆ ಎಷ್ಟು? ಬೆಂಗಳೂರಿಂದ ತರಿಸಿದರೆ ಸಾಗಿಸುವ ದಿನಕ್ಕೂ ಬಾಡಿಗೆ ಬೀಳುತ್ತದಾ? ಜೊತೆಗೆ ಬರುವ ಹುಡುಗನ ಬಾಟಾ (ದಿನದ ಭತ್ಯೆ) ಎಷ್ಟು? ಸಕಲೇಶಪುರದ ಘಾಟಿ ಕಡೆ ಟೆಂಪೋ ಡೀಸೆಲ್ ಎಷ್ಟು ಕುಡಿಯುತ್ತದೆ? ಕಲಾವಿದರಿಗೆ ಸುಮ್ನೆ ಬರ್ತಾರೆ ಅಂತ ಸೊನ್ನೆ ಹಾಕಬೇಡಿ. ಕನಿಷ್ಠ ಬಸ್ ಚಾರ್ಜ್, ಬಾಟಾ ಬರೆಯಿರಿ. ಯಾರಿಗೂ ಏನೂ ಕೊಡದೆ ಮಾಡುತ್ತೇವೆ ಅನ್ನುವ ತಂಡ ಅರ್ಧದಲ್ಲಿ ಒಡೆಯುತ್ತದೆ ಅಂತ ಅನುಭವ ಇರುವವರಿಗೆ ಚೆನ್ನಾಗಿ ಗೊತ್ತು.

ಹೊಸಬರ ಬಜೆಟ್‌ನಲ್ಲಿ ಶೂಟಿಂಗ್ ಮುಗಿದ ಮೇಲಿನ ಖರ್ಚೇ ಇರುವುದಿಲ್ಲ. ನಿಂತುಹೋದ ಪಿಕ್ಚರ್‌ಗಳು ಬಹುಪಾಲು ನಿಂತಿದ್ದು ಅಲ್ಲೇ. ಎಡಿಟಿಂಗ್, ಡಬ್ಬಿಂಗ್, ಡಿಐ (ಬಣ್ಣ ಸರಿಮಾಡುವ ಕೆಲಸ), ಸೌಂಡ್ ಮಿಕ್ಸಿಂಗ್, ಹಿನ್ನೆಲೆ ಸಂಗೀತ, ಸಬ್‌ಟೈಟಲ್, ಫೆಸ್ಟಿವಲ್ ಎಂಟ್ರಿ ಫೀ ಎಲ್ಲಕ್ಕೂ ಬೇರೆ ಬೇರೆ ಸಾಲು ಹಾಕಿ. ಹಾರ್ಡ್ ಡಿಸ್ಕ್ ಎರಡು ಬರೆಯಿರಿ. ಎರಡರಲ್ಲೂ ಒಂದೇ ಫೂಟೇಜ್, ಇಬ್ಬರ ಮನೆಯಲ್ಲಿ. "ಡಿಸ್ಕ್ ಹಾಳಾಯ್ತು ಅಣ್ಣಾ" ಅನ್ನುವ ಕಾರಣವನ್ನು ಜನ ಬೇಕಾದಷ್ಟು ಸಲ ಕೇಳಿದ್ದಾರೆ. ಕೊನೆಗೆ ಆಕಸ್ಮಿಕ ಖರ್ಚಿಗೆ ನೂರಕ್ಕೆ ಹತ್ತು ಸೇರಿಸಿ. ಮಲೆನಾಡಿನ ಮಳೆಗೆ ಅಷ್ಟಾದರೂ ಬೇಕು.

ಇದರ ಪಕ್ಕದಲ್ಲೇ ಇನ್ನೊಂದು ಹಾಳೆ ಇಡಿ. ಅದರ ಮೇಲೆ "ಏನು ಕೆಡಬಹುದು" ಅಂತ ತಲೆಬರಹ. ನಮ್ಮ ಕಡೆಯವರು ಜಾಗ ಬಲ್ಲವರು, ಈ ಹಾಳೆಯನ್ನೇ ಮೊದಲು ಓದುತ್ತಾರೆ. ಶೆಟ್ಟಿಹಳ್ಳಿ ಚರ್ಚ್‌ನಲ್ಲಿ ಒಂದು ಸೀನ್ ಇದೆ ಅನ್ನಿ. ಮಳೆಗಾಲದಲ್ಲಿ ಗೊರೂರು ಅಣೆಕಟ್ಟಿನ ಹಿನ್ನೀರು ಬಂದರೆ ಆ ಕಟ್ಟಡ ಅರ್ಧ ಮುಳುಗಿರುತ್ತದೆ. ನಡೆದು ಒಳಗೆ ಹೋಗುವ ಸೀನ್ ಬೇಕಿದ್ದರೆ ನೀರು ಇಳಿದ ಮೇಲೆ, ಬೇಸಿಗೆಗೆ ಇಟ್ಟುಕೊಳ್ಳಬೇಕು. ಬೇಲೂರು, ಹಳೇಬೀಡು ದೇವಸ್ಥಾನ ಅಂದರೆ ಪುರಾತತ್ವ ಇಲಾಖೆಯ ಅನುಮತಿ, ಅದಕ್ಕೆ ಶುಲ್ಕ. ಅವು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೂ ಸೇರಿವೆ. ಕುದುರೆಮುಖ, ಭದ್ರಾ ಕಾಡಿನೊಳಗೆ ಅಂದರೆ ಅರಣ್ಯ ಇಲಾಖೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಸಂಜೆ ಮೇಲೆ ಶೂಟಿಂಗ್ ಅಂದರೆ ಆನೆ. ತೋಟದ ಮಾಲೀಕರು ಮೊದಲು ಕೇಳುವುದೇ "ಆನೆ ಬಂದ್ರೆ ಏನ್ ಮಾಡ್ತೀರಾ?" ಅಂತ. "ರಾತ್ರಿ ಸೀನ್ ಎಲ್ಲಾ ಮನೆ ಒಳಗೆ, ಹೊರಗಿನ ಕೆಲಸ ಐದು ಗಂಟೆಗೆ ಮುಗಿಯುತ್ತೆ ಸರ್" ಅಂತ ಹಾಳೆಯಲ್ಲೇ ಬರೆದಿದ್ದರೆ ಅರ್ಧ ಗೆದ್ದ ಹಾಗೆ.

ಕಥೆ ನಿಮ್ಮದಲ್ಲದಿದ್ದರೆ ಹಕ್ಕಿನ ಪತ್ರವನ್ನೂ ಜೊತೆಗೆ ಇಡಿ. ಚಿಕ್ಕಮಗಳೂರು ಕಡೆ ಕ್ಯಾಮೆರಾ ಹಿಡಿದವರಲ್ಲಿ ತೇಜಸ್ವಿ ಕಥೆ ಮಾಡಬೇಕು ಅನ್ನುವ ಆಸೆ ಇಲ್ಲದವರು ಕಡಿಮೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ತೀರಿಕೊಂಡಿದ್ದು 2007ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ಹೋದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಅಂದರೆ 2067 ಮುಗಿಯುವವರೆಗೆ ಬರಹದಲ್ಲಿ ಒಪ್ಪಿಗೆ ಬೇಕೇ ಬೇಕು. "ಶಾರ್ಟ್ ಫಿಲ್ಮ್ ತಾನೇ, ಯಾರು ಕೇಳ್ತಾರೆ" ಅನ್ನುವವರಿಗೆ ದುಡ್ಡು ಕೊಡಲು ಯಾವ ಮೇಷ್ಟರೂ ಒಪ್ಪುವುದಿಲ್ಲ. ಹಾಡಿಗೂ ಹೀಗೇ ಒಪ್ಪಿಗೆ ಬೇಕು. ಹಳೇ ಚಿತ್ರಗೀತೆ ರೇಡಿಯೋದಲ್ಲಿ ಕೇಳಿಸುವ ಸೀನ್ ಇದ್ದರೆ ಲೈಸೆನ್ಸ್ ಖರ್ಚು ಹಾಕಿ, ಇಲ್ಲವೇ ಸೀನ್ ಬದಲಿಸಿ.

2. ದುಡ್ಡು ಬೀಳುವ ಜಾಗ

ಸಿನಿಮಾಗೆ ಅಂತಲೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ತಂಡದ ಇಬ್ಬರ ಹೆಸರಲ್ಲಿ ಜಂಟಿ ಖಾತೆ, ಇಬ್ಬರ ಸಹಿ ಇದ್ದರೆ ಮಾತ್ರ ದುಡ್ಡು ತೆಗೆಯುವ ಹಾಗೆ. ನಿರ್ದೇಶಕನ ಸ್ವಂತ ಖಾತೆಗೆ ಬಂದ ದುಡ್ಡು ಅವನ ಪೆಟ್ರೋಲ್, ರೀಚಾರ್ಜ್ ಜೊತೆ ಕಲಸಿಹೋಗುತ್ತದೆ. ಅವನು ಎಷ್ಟೇ ಒಳ್ಳೆಯವನಾಗಿರಲಿ, ಆಮೇಲೆ ಬಿಡಿಸಿ ತೋರಿಸಲು ಆಗುವುದಿಲ್ಲ.

ಒಂದು ಸಣ್ಣ ವಿಷಯ. ಯುಪಿಐನಲ್ಲಿ ದುಡ್ಡು ಕಳಿಸುವಾಗ ಖಾತೆಯವರ ಹೆಸರು ಪರದೆ ಮೇಲೆ ಬರುತ್ತದೆ. ನೀವು ಮಾತಾಡಿದ ಹೆಸರು ಒಂದು, ಅಲ್ಲಿ ಕಾಣುವ ಹೆಸರು ಇನ್ನೊಂದು ಆದರೆ ಅಲ್ಲಿಗೇ ಬೆರಳು ನಿಲ್ಲುತ್ತದೆ. ಯಾವ ಹೆಸರು ಬರುತ್ತದೆ ಅಂತ ಮೊದಲೇ ಹೇಳಿಬಿಡಿ. ಲಿಂಕ್ ಕಳಿಸಿ ಒತ್ತಿ ಅನ್ನಬೇಡಿ. ಸೈಬರ್ ಮೋಸದ ಭಯ ಈಗ ಹಳ್ಳಿಹಳ್ಳಿಗೂ ತಲುಪಿದೆ. ಇಬ್ಬರ ಸಹಿಯ ಖಾತೆಗೆ ಕ್ಯೂಆರ್ ಕೋಡ್ ಸಿಗುತ್ತದಾ ಅಂತ ಬ್ಯಾಂಕಲ್ಲಿ ಮೊದಲೇ ಕೇಳಿಕೊಳ್ಳಿ. ಸಿಕ್ಕರೆ ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದು ಹೋಗುವುದೇ ವಾಸಿ.

ಗಣಪತಿ ಚಂದಾ ಹೇಗೆ ನಡೆಯುತ್ತದೆ ನೆನಪು ಮಾಡಿಕೊಳ್ಳಿ. ಬಿಲ್ ಪುಸ್ತಕ, ಅದರಲ್ಲಿ ನಂಬರ್. ಕೊಟ್ಟವರ ಹೆಸರು, ಮೊತ್ತ ಬೋರ್ಡ್ ಮೇಲೆ. ಗಣಪತಿ ಬಿಟ್ಟಾದ ಮೇಲೆ ಕೂತು ಖರ್ಚಿನ ಲೆಕ್ಕ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಅಂತ ಎಲ್ಲರಿಗೂ ಕಾಣುತ್ತದೆ. ನಮ್ಮ ಜನಕ್ಕೆ ಕ್ರೌಡ್‌ಫಂಡಿಂಗ್ ಹೊಸದಲ್ಲ, ಈ ಪದ್ಧತಿ ಬಿಟ್ಟು ಕೇಳುವುದು ಹೊಸದು. ಹಾಗಾಗಿ ನಂಬರ್ ಹಾಕಿದ ರಸೀದಿ ಪುಸ್ತಕ ಮಾಡಿಸಿ. ಅದರ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ. ಬಂದಿದ್ದು, ಹೋಗಿದ್ದು ಎರಡೂ ಕಾಣುವ ಗೂಗಲ್ ಶೀಟ್ ಒಂದನ್ನು ಕೊಟ್ಟವರೆಲ್ಲ ನೋಡುವ ಹಾಗೆ ಇಡಿ. ಹೆಸರು ಬೇಡ ಅನ್ನುವವರಿಗೆ ರಸೀದಿ ನಂಬರ್ ಸಾಕು. ಅಂಥವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಗುತ್ತಾರೆ. "ಹೆಸರು ಹಾಕ್ಬೇಡಿ, ಆಮೇಲೆ ಎಲ್ಲಾ ಸಂಘದವರೂ ಬರ್ತಾರೆ" ಅನ್ನುತ್ತಾರೆ.

ಆನ್‌ಲೈನ್ ವೇದಿಕೆ ಬೇಕಾ? ಊರಿನವರೇ ಕೊಡುವುದಾದರೆ ಅಗತ್ಯ ಇಲ್ಲ. ವೇದಿಕೆಯ ಕಮಿಷನ್, ಪೇಮೆಂಟ್ ಶುಲ್ಕ ಎರಡೂ ಉಳಿಯುತ್ತವೆ. ಮುಖ ನೋಡದವರಿಂದ, ದೂರದ ಊರುಗಳಿಂದ ಕೇಳುವುದಾದರೆ ಒಂದು ಪುಟ ಇದ್ದರೆ ಅವರಿಗೆ ಧೈರ್ಯ. ಮಿಲಾಪ್, ಕೆಟ್ಟೋ ಜನಕ್ಕೆ ಗೊತ್ತು. ಆದರೆ ಅಲ್ಲಿ ಹೆಚ್ಚಾಗಿ ಕಾಣುವುದು ಆಸ್ಪತ್ರೆ ಖರ್ಚಿನ ಮನವಿಗಳು. ಅವುಗಳ ಪಕ್ಕ ನಿಮ್ಮ ಸಿನಿಮಾ ನಿಂತರೆ ಹೇಗೆ ಕಾಣುತ್ತದೆ ಅಂತ ಯೋಚಿಸಿ. ಇಂಥದ್ದೇ ವಿದೇಶಿ ವೇದಿಕೆ ಕಿಕ್‌ಸ್ಟಾರ್ಟರ್‌ನಲ್ಲಿ ಭಾರತದಿಂದ ಯೋಜನೆ ಹಾಕಲು ಅವಕಾಶ ಇಲ್ಲ.

3. ಒಂದು ನಿಮಿಷ ತೆಗೆದು ತೋರಿಸಿ

ಇಡೀ ಕಥೆಯ ಟ್ರೇಲರ್ ಬೇಡ. ಒಂದೇ ಸೀನ್, ಒಂದು ನಿಮಿಷ. ಇರುವ ಫೋನಲ್ಲೇ, ನಿಮ್ಮ ಮನೆ ಅಡುಗೆಮನೆಯಲ್ಲೇ ತೆಗೆಯಿರಿ. ಆದರೆ ಪೂರ್ತಿ ಮುಗಿಸಿ: ಎಡಿಟ್ ಆಗಿರಬೇಕು, ಶಬ್ದ ಸ್ವಚ್ಛ ಇರಬೇಕು, ಹೆಸರು ಬಂದು ನಿಲ್ಲಬೇಕು. ಮುಗಿಸಿದ ಒಂದು ನಿಮಿಷದ ಮುಂದೆ ಅರ್ಧಂಬರ್ಧ ಹತ್ತು ನಿಮಿಷ ನಿಲ್ಲುವುದಿಲ್ಲ.

ಶಬ್ದಕ್ಕೆ ಜಾಸ್ತಿ ಗಮನ ಕೊಡಿ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ಕ್ಷಮಿಸುತ್ತಾರೆ. ಮಾತು ಕೇಳಿಸದಿದ್ದರೆ ಮುಖ ಗಂಟಿಕ್ಕುತ್ತಾರೆ. ಕನ್ನಡ ಅಕ್ಷರಗಳನ್ನೂ ಕೆಳಗೆ ಹಾಕಿ. ನೀವು ಇದನ್ನು ತೋರಿಸುವುದು ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲೋ ಕಾಫಿ ಕ್ಯೂರಿಂಗ್ ಆಫೀಸಿನಲ್ಲೋ, ಅಲ್ಲಿ ಏನೂ ಕೇಳಿಸುವುದಿಲ್ಲ.

ಇದರ ಜೊತೆಗೆ ನೀವೇ ಕ್ಯಾಮೆರಾ ನೋಡಿ ಮಾತಾಡುವ ಎರಡು ನಿಮಿಷದ ವಿಡಿಯೋ. ಎಷ್ಟು ದುಡ್ಡು, ಯಾಕೆ, ಯಾವ ತಿಂಗಳಿಗೆ ಮುಗಿಯುತ್ತದೆ. ಈ ಮೂರು ಮೊದಲ ಅರ್ಧ ನಿಮಿಷದಲ್ಲೇ ಬರಲಿ. "ಚಿಕ್ಕಂದಿನಿಂದಲೂ ಸಿನಿಮಾ ಅಂದ್ರೆ ಪ್ರಾಣ" ಅನ್ನುವುದನ್ನು ಬಿಟ್ಟುಬಿಡಿ. ಪಾಪ, ಎಲ್ಲರದ್ದೂ ಅದೇ ಕಥೆ.

4. ಯಾರನ್ನು, ಯಾವಾಗ

ಮೊದಲ ದುಡ್ಡು ನಿಮ್ಮದೇ ಇರಲಿ. 5,000 ಆದರೂ ಸರಿ, ರಸೀದಿ ನಂಬರ್ 1 ನಿಮ್ಮ ಹೆಸರಿಗೆ. ಆಮೇಲೆ ತಂಡದವರು. ಆಮೇಲೆ ಮೇಲೆ ಹೇಳಿದ, ನಿಮ್ಮನ್ನು ಬಲ್ಲ ಗುಂಪು. ಮೂರನೇ ಒಂದು ಭಾಗದಷ್ಟು ಸೇರಿದ ಮೇಲೆ ಹೊರಗಿನವರ ಹತ್ತಿರ ಹೋಗಿ. ಖಾಲಿ ಪಟ್ಟಿ ಹಿಡಿದು ಹೋದರೆ "ಬೇರೆ ಯಾರು ಕೊಟ್ಟಿದ್ದಾರೆ?" ಅನ್ನುವ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಕಾಲ ನೋಡುವುದು ನಮ್ಮ ಕಡೆ ಬಹಳ ಮುಖ್ಯ. ಅರೇಬಿಕಾ ಕಾಫಿ ಕೊಯ್ಲು ನವೆಂಬರಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಆ ದಿನಗಳಲ್ಲಿ ಬೆಳೆಗಾರರ ತಲೆ ತುಂಬ ಆಳು, ಕಣ, ಅಕಾಲದ ಮೋಡ. ಸಿನಿಮಾ ಮಾತು ಕಿವಿಗೆ ಹೋಗುವುದಿಲ್ಲ. ಹೂ ಮಳೆ ಚೆನ್ನಾಗಿ ಬಿದ್ದು, ಬೆಳೆ ಮಾರಿ ಕೈಯಲ್ಲಿ ದುಡ್ಡು ಇರುವಾಗ ಕೇಳುವುದು ಒಳ್ಳೆಯದು. ಮಳೆಗಾಲದಲ್ಲಿ ಜನರಿಗೆ ಬಿಡುವು ಇರುತ್ತದೆ, ಮಾತಿಗೆ ಸಿಗುತ್ತಾರೆ. ಆಗ ಹೋಗಿ ಕಥೆ, ಬಜೆಟ್ ತೋರಿಸಿ ಬನ್ನಿ, ದುಡ್ಡು ಕೇಳಬೇಡಿ. ಅರಸೀಕೆರೆ, ಕಡೂರು ಕಡೆ ತೆಂಗು, ಅಡಿಕೆಯ ಲೆಕ್ಕ ಬೇರೆ. ಅಲ್ಲಿಯವರನ್ನೇ ಕೇಳಿ ತಿಳಿದುಕೊಳ್ಳಿ. ಜೂನ್ ತಿಂಗಳಲ್ಲಿ ಮಕ್ಕಳ ಶಾಲೆ ಫೀಸ್ ಇರುವವರ ಮನೆ ಬಾಗಿಲು ತಟ್ಟಬೇಡಿ.

ಒಂದೇ ಸಲಕ್ಕೆ ದೊಡ್ಡ ಮೊತ್ತ ಕೊಡುವ ಒಬ್ಬರನ್ನು ಹುಡುಕಿ ಅಲೆಯುವುದು ನನಗೆ ಸರಿ ಕಾಣುವುದಿಲ್ಲ. ಅವರು ಕೊಟ್ಟರೆ ಅವರ ಮೈದುನನಿಗೆ ಪೊಲೀಸ್ ಪಾತ್ರ ಕೊಡಬೇಕಾಗುತ್ತದೆ. 500, 1,000 ಕೊಡುವ ನೂರಾರು ಜನ ಇದ್ದರೆ ಸಿನಿಮಾ ನಿಮ್ಮದಾಗಿ ಉಳಿಯುತ್ತದೆ. ಮುಗಿದ ಮೇಲೆ ನೋಡಲು ಬರುವವರೂ ಅವರೇ.

5. ಎದುರು ಕೂತಾಗ

ಕೇಳುವ ಪ್ರಶ್ನೆಗಳು ಎಲ್ಲ ಕಡೆ ಹೆಚ್ಚುಕಡಿಮೆ ಅವೇ. ಉತ್ತರ ಬಾಯಿಪಾಠ ಬೇಡ. ಆದರೆ ಯೋಚಿಸಿ ಇಟ್ಟುಕೊಂಡಿರಿ.

"ಯೂಟ್ಯೂಬಲ್ಲಿ ಹಾಕೋ ಪಿಕ್ಚರ್‌ಗೆ ಎರಡು ಲಕ್ಷ ಯಾಕಪ್ಪಾ? ಮೊಬೈಲಲ್ಲೇ ತೆಗೀಬಹುದಲ್ವಾ?"

ಇದಕ್ಕೆ ಸಿಟ್ಟು ಬರುತ್ತದೆ, ತೋರಿಸಬೇಡಿ. "ತೆಗೀಬಹುದು ಸರ್, ಈ ಒಂದು ನಿಮಿಷ ಮೊಬೈಲಲ್ಲೇ ತೆಗೆದಿದ್ದು" ಅಂತ ತೋರಿಸಿ. ಆಮೇಲೆ ಬಜೆಟ್ ಹಾಳೆಯಲ್ಲಿ ಕ್ಯಾಮೆರಾ ಸಾಲಿಗೆ ಬೆರಳಿಟ್ಟು, ಅದು ಒಟ್ಟು ಖರ್ಚಿನಲ್ಲಿ ಎಷ್ಟು ಭಾಗ ಅಂತ ಹೇಳಿ. ಊಟ, ಗಾಡಿ, ಜನ, ಶಬ್ದ ಎಲ್ಲ ಮೊಬೈಲಲ್ಲಿ ತೆಗೆದರೂ ಬೇಕೇ ಬೇಕು ಅಂತ ಅವರೇ ಒಪ್ಪುತ್ತಾರೆ.

"ನಂಗೇನು ಸಿಗುತ್ತೆ?"

ಲಾಭ ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಲೇಬಾರದು. ಶಾರ್ಟ್ ಫಿಲ್ಮ್‌ನಿಂದ ದುಡ್ಡು ವಾಪಸ್ ಬರುವುದು ಅಪರೂಪ. ಅದಕ್ಕಿಂತ ದೊಡ್ಡ ಕಾರಣ ಕಾನೂನು. ಊರವರಿಂದ ದುಡ್ಡು ತಗೊಂಡು "ಇಷ್ಟು ಸೇರಿಸಿ ವಾಪಸ್ ಕೊಡ್ತೀವಿ" ಅಂದರೆ ಅನಧಿಕೃತ ಠೇವಣಿ ತಡೆಯಲು 2019ರಲ್ಲಿ ಬಂದ ಕಾಯ್ದೆಯ ಕೆಳಗೆ ಸಿಕ್ಕಿಬೀಳುವ ಅಪಾಯ ಇದೆ. ಸಿನಿಮಾದಲ್ಲಿ ಪಾಲು ಅಂತ ಊರಿಗೆಲ್ಲ ಹಂಚಲು ಹೊರಟರೆ ಷೇರು ವ್ಯವಹಾರ ನೋಡಿಕೊಳ್ಳುವ ಸೆಬಿಯ ನಿಯಮಗಳು ಎದುರಾಗುತ್ತವೆ. "ದುಡ್ಡು ವಾಪಸ್ ಬರಲ್ಲ ಸರ್. ಸಿನಿಮಾ ಬರುತ್ತೆ, ಲೆಕ್ಕ ಬರುತ್ತೆ" ಅಂತ ನೇರ ಹೇಳಿ. ವಿಚಿತ್ರ ಅಂದರೆ, ಹೀಗೆ ಹೇಳಿದ ಮೇಲೆ ಜನ ಸಡಿಲವಾಗುತ್ತಾರೆ. ಲಾಭದ ಆಸೆ ತೋರಿಸುವವರನ್ನು ಅವರು ಚೀಟಿ ವ್ಯವಹಾರದಲ್ಲಿ ಸಾಕಷ್ಟು ನೋಡಿರುತ್ತಾರೆ.

"ಟ್ಯಾಕ್ಸ್ ಬಿಡುತ್ತಾ?" ಅಂತ ವ್ಯಾಪಾರಿಗಳು ಕೇಳುತ್ತಾರೆ. ಇಲ್ಲ. ನಿಮ್ಮ ತಂಡಕ್ಕೆ ಕೊಟ್ಟ ದುಡ್ಡಿಗೆ, 80ಜಿ ಅಂತ ಜನ ಕರೆಯುವ ದೇಣಿಗೆಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ನಿಮ್ಮ ಕಡೆಗೂ ಒಂದು ವಿಷಯ ಇದೆ. ಸಂಬಂಧಿಕರಲ್ಲದವರಿಂದ ಉಡುಗೊರೆಯಾಗಿ ಬಂದ ದುಡ್ಡು ಒಂದು ವರ್ಷದಲ್ಲಿ ಒಟ್ಟು 50,000 ದಾಟಿದರೆ ಅಷ್ಟೂ ನಿಮ್ಮ ಆದಾಯ ಅಂತ ಲೆಕ್ಕಕ್ಕೆ ಬರುತ್ತದೆ. ಶುರು ಮಾಡುವ ಮೊದಲೇ ಊರಿನ ಆಡಿಟರ್ ಒಬ್ಬರ ಹತ್ತಿರ ಕೂತು, ಈ ದುಡ್ಡನ್ನು ಹೇಗೆ ತೋರಿಸಬೇಕು ಅಂತ ಕೇಳಿಕೊಳ್ಳಿ. ಆ ಆಡಿಟರೇ ಲೆಕ್ಕ ನೋಡುತ್ತಾರೆ ಅಂತ ಹೇಳುವ ಹಾಗಾದರೆ ಇನ್ನೂ ಒಳ್ಳೆಯದು. ಚಿಕ್ಕ ಊರಲ್ಲಿ ಆ ಒಂದು ಹೆಸರು ಬಹಳ ಕೆಲಸ ಮಾಡುತ್ತದೆ.

"ಅರ್ಧ ದುಡ್ಡೇ ಬಂದ್ರೆ?"

ಇದು ಎಲ್ಲಕ್ಕಿಂತ ಒಳ್ಳೆ ಪ್ರಶ್ನೆ, ಮತ್ತು ಉತ್ತರ ಇಲ್ಲದೆ ಹೋಗುವವರೇ ಜಾಸ್ತಿ. ಮೂರು ದಾರಿ ಇವೆ, ಒಂದನ್ನು ಮೊದಲೇ ಆರಿಸಿ. ಗುರಿ ಮುಟ್ಟದಿದ್ದರೆ ಎಲ್ಲರಿಗೂ ವಾಪಸ್. ಅಥವಾ ಇಂತಿಷ್ಟು ಬಂದರೆ ಸಣ್ಣ ರೂಪದಲ್ಲಿ ಮಾಡುತ್ತೇವೆ, ಯಾವ ಸೀನ್ ಬಿಡುತ್ತೇವೆ ಅಂತ ಬರೆದಿಟ್ಟಿದ್ದೇವೆ. ಅಥವಾ ಉಳಿದದ್ದನ್ನು ನಾವು ಕೈಯಿಂದ ಹಾಕುತ್ತೇವೆ. ನನಗೆ ಎರಡನೆಯದು ಇಷ್ಟ. ಮೂರನೆಯದನ್ನು ಹೇಳುವವರ ಕೈಯಲ್ಲಿ ದುಡ್ಡು ಇರುವುದಿಲ್ಲ, ಅದು ಎದುರಿನವರಿಗೂ ಗೊತ್ತಿರುತ್ತದೆ. ಯಾವುದೇ ಇರಲಿ, ರಸೀದಿಯ ಹಿಂಬದಿ ಅಚ್ಚಾಗಿರಲಿ.

"ಅದೆಲ್ಲ ಸರಿ ಕಣಪ್ಪಾ, ಆದ್ರೆ ದುಡ್ಡು ಮಾತ್ರ ಕೇಳ್ಬೇಡ."

ಎದ್ದು ಬರಬೇಡಿ. "ಆಯ್ತು ಅಣ್ಣಾ, ದುಡ್ಡು ಬೇಡ. ಮೂರು ದಿನ ಜೀಪ್ ಕೊಡ್ತೀರಾ?" ಅಂತ ಕೇಳಿ. ಮಲೆನಾಡಲ್ಲಿ ಜೇಬಿಂದ ದುಡ್ಡು ತೆಗೆಯುವುದು ಕಷ್ಟ, ಜೀಪ್, ಲೈನ್ ಮನೆ (ತೋಟದ ಆಳುಗಳ ಮನೆ), ಊಟ, ಕಾಫಿ ಸುಲಭ. ಹಳೇ ಮನೆಯ ಜಗಲಿಯನ್ನು ಶೂಟಿಂಗ್‌ಗೆ ಬಿಟ್ಟುಕೊಡುತ್ತಾರೆ, ಕಡುಬು ಮಾಡಿ ಬಡಿಸುತ್ತಾರೆ. ಇವನ್ನೂ ಬೆಲೆ ಕಟ್ಟಿ ಲೆಕ್ಕದ ಪುಸ್ತಕಕ್ಕೆ ಹಾಕಿ, ರಸೀದಿ ಕೊಡಿ. ನಿಮ್ಮ ಮುಂದಿನ ಸಿನಿಮಾಗೆ ದುಡ್ಡು ಹಾಕುವವರು ಈ ಜೀಪ್ ಕೊಟ್ಟವರೇ. ನೀವು ಕೆಲಸ ಮಾಡುವುದನ್ನು ಮೂರು ದಿನ ಕಣ್ಣಾರೆ ನೋಡಿರುತ್ತಾರಲ್ಲ.

ಹಾಸನದಿಂದ ಬೆಂಗಳೂರಿಗೆ ಹೋಗಿ ಕೆಲಸದಲ್ಲಿರುವವರ ಅನುಮಾನ ಬೇರೆ ತರಹ. ಅವರಿಗೆ ಮುಗಿಸುವ ಚಿಂತೆಗಿಂತ "ಇದು ನೋಡೋ ಹಾಗೆ ಇರುತ್ತಾ?" ಅನ್ನುವ ಚಿಂತೆ. ಅವರಿಗೆ ಹಾಳೆ ಕಡಿಮೆ, ವಿಡಿಯೋ ಜಾಸ್ತಿ ಕಳಿಸಿ. ಹೊರದೇಶದಲ್ಲಿ ಇರುವವರ ವಿಷಯದಲ್ಲಿ ಹುಷಾರು. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಬೇರೆ ದೇಶದ ಪೌರರಾದವರು, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸಹ, ಕೊಟ್ಟದ್ದು ವಿದೇಶಿ ದೇಣಿಗೆ ಆಗುತ್ತದೆ. ಅದನ್ನು ನಿಯಂತ್ರಿಸಲು ಎಫ್‌ಸಿಆರ್‌ಎ ಅನ್ನುವ ಕಾಯ್ದೆ ಇದೆ. ಅಂಥವರಿಗೆ "ದುಡ್ಡು ಬೇಡ, ನಾಲ್ಕು ಜನಕ್ಕೆ ಹೇಳಿ" ಅನ್ನುವುದೇ ಕ್ಷೇಮ.

6. ಬದಲಿಗೆ ಏನು ಕೊಡುವುದು

ಟೀ ಶರ್ಟ್, ಮಗ್ ಬೇಡ. 500 ಕೊಟ್ಟವರಿಗೆ 300ರ ಟೀ ಶರ್ಟ್ ಕೊಟ್ಟು 100 ಕೊರಿಯರ್‌ಗೆ ಹಾಕಿದರೆ ಸಿನಿಮಾಗೆ ಉಳಿಯುವುದೇನು? ಟೈಟಲ್‌ನಲ್ಲಿ ಹೆಸರು, ಅದೂ ಅವರು ಬರೆದುಕೊಟ್ಟ ಹಾಗೆಯೇ ಕನ್ನಡದಲ್ಲಿ. ಜಾಸ್ತಿ ಕೊಟ್ಟವರಿಗೆ ಒಂದು ದಿನ ಶೂಟಿಂಗ್ ನೋಡಲು ಆಹ್ವಾನ. ತೋಟದವರೊಬ್ಬರು ಕಾಫಿ ಪುಡಿ ಕೊಡಲು ಒಪ್ಪಿದ್ದರೆ ಅರ್ಧ ಕೆಜಿ ಪ್ಯಾಕೆಟ್. ಇದು ದೂರದಲ್ಲಿರುವ ನಮ್ಮವರಿಗೆ ಬಹಳ ಹಿಡಿಸುತ್ತದೆ. ಪಾತ್ರ ಕೊಡುತ್ತೇವೆ ಅಂತ ಯಾರಿಗೂ ಹೇಳಬೇಡಿ.

ಮುಗಿದ ಮೇಲೆ ಊರಲ್ಲೇ ತೋರಿಸುವುದು ಎಲ್ಲಕ್ಕಿಂತ ದೊಡ್ಡ ಉಡುಗೊರೆ. ಹಾಸನಾಂಬ ಕಲಾಕ್ಷೇತ್ರವೋ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರವೋ ಅಂತ ಆಸೆ ಇರುತ್ತದೆ. ಬಾಡಿಗೆಯನ್ನು ಬಜೆಟ್‌ಗೆ ಹಾಕಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸಾರ್ವಜನಿಕವಾಗಿ ತೋರಿಸಲು ಸೆನ್ಸಾರ್ ಸರ್ಟಿಫಿಕೇಟ್ ಬೇಕು ಅನ್ನುವುದೂ ನೆನಪಿರಲಿ. ಅದನ್ನು ಮಾಡಿಸುವ ಯೋಚನೆ ಇಲ್ಲದಿದ್ದರೆ ಪೋಸ್ಟರ್ ಅಂಟಿಸಿ ಊರಿಗೆಲ್ಲ ಕರೆಯಬೇಡಿ. ದುಡ್ಡು ಕೊಟ್ಟವರನ್ನು ಮಾತ್ರ ಕರೆದು ಚಿಕ್ಕದಾಗಿ ಮಾಡಿ.

7. ದುಡ್ಡು ಬಂದ ಮೇಲೆ

ಅನುಮಾನ ದುಡ್ಡು ಕೊಟ್ಟ ಮೇಲೂ ಹೋಗುವುದಿಲ್ಲ, ಸುಮ್ಮನಾಗಿರುತ್ತದೆ ಅಷ್ಟೇ. ತಿಂಗಳಿಗೊಮ್ಮೆ ಒಂದೇ ತಾರೀಖಿಗೆ ಸುದ್ದಿ ಕಳಿಸಿ. ನಾಲ್ಕು ಸಾಲು, ಒಂದು ಫೋಟೋ, ಎಷ್ಟು ಖರ್ಚಾಯಿತು. ಏನೂ ಆಗದ ತಿಂಗಳಲ್ಲೂ "ಈ ತಿಂಗಳು ಮಳೆ, ಶೂಟಿಂಗ್ ಇಲ್ಲ" ಅಂತಾದರೂ ಬರೆಯಿರಿ. ತಡ ಆಗುವುದು ಗೊತ್ತಾದ ದಿನವೇ ಹೇಳಿ, ಜೊತೆಗೆ ಹೊಸ ತಾರೀಖು ಕೊಡಿ.

ಸಿನಿಮಾ ಮುಗಿದ ಮೇಲೂ ದೊಡ್ಡ ಜಗಳ ಆಗುವ ಜಾಗ ಒಂದಿದೆ. ಬೆಂಗಳೂರಿನ ಅಂತಾರಾಷ್ಟ್ರೀಯ ಕಿರುಚಿತ್ರೋತ್ಸವವೋ, ತಿರುವನಂತಪುರದ ಕಿರುಚಿತ್ರೋತ್ಸವವೋ, ಇನ್ನೆಲ್ಲೋ ಕಳಿಸುತ್ತೀರಿ. ಮೊದಲೇ ಯೂಟ್ಯೂಬಿನಲ್ಲಿ ಬಂದ ಸಿನಿಮಾವನ್ನು ತೆಗೆದುಕೊಳ್ಳದ ಫೆಸ್ಟಿವಲ್‌ಗಳು ಇವೆ. ಹಾಗಾಗಿ ಕಳಿಸಿ, ಕಾದು, ಮುಗಿಯುವ ಹೊತ್ತಿಗೆ ಒಂದು ವರ್ಷ ಸುಲಭವಾಗಿ ಹೋಗುತ್ತದೆ. ಇದು ಗೊತ್ತಿಲ್ಲದವರು "ದುಡ್ಡು ತಗೊಂಡ್ರು, ಪಿಕ್ಚರ್ ಎಲ್ಲಿ?" ಅಂತ ಊರೆಲ್ಲ ಹೇಳುತ್ತಾ ಬರುತ್ತಾರೆ. ತಪ್ಪು ಅವರದ್ದಲ್ಲ. ಈ ವಿಷಯವನ್ನು ದುಡ್ಡು ತಗೊಳ್ಳುವ ದಿನವೇ ಹೇಳಿ. ಎಡಿಟಿಂಗ್ ಮುಗಿದ ವಾರವೇ ಕೊಟ್ಟವರಿಗೆ ಪಾಸ್‌ವರ್ಡ್ ಇರುವ ಲಿಂಕ್ ಕಳಿಸಿ. ಫೋನಲ್ಲಿ ಲಿಂಕ್ ತೆರೆಯಲು ಬಾರದ ಹಿರಿಯರ ಮನೆಗೆ ಲ್ಯಾಪ್‌ಟಾಪ್ ತಗೊಂಡು ಹೋಗಿ ತೋರಿಸಿ ಬನ್ನಿ. ಆಯ್ಕೆ ಆಗುತ್ತದೆ, ಪ್ರಶಸ್ತಿ ಬರುತ್ತದೆ ಅಂತ ಮಾತ್ರ ಯಾವತ್ತೂ ಹೇಳಬೇಡಿ.

ಕೊನೆಯ ಲೆಕ್ಕವನ್ನು ಆಡಿಟರ್ ಸಹಿಯ ಜೊತೆ ಎಲ್ಲರಿಗೂ ಕಳಿಸಿ. ದುಡ್ಡು ಉಳಿದಿದ್ದರೆ ಎಷ್ಟು ಉಳಿಯಿತು, ಯಾವುದಕ್ಕೆ ಹಾಕುತ್ತೀರಿ ಅಂತ ಬರೆಯಿರಿ. ಸಾಮಾನ್ಯವಾಗಿ ಉಳಿಯುವುದಿಲ್ಲ. ಸಾಲದೆ ಬಂದಿದ್ದರೆ ಯಾರು ಕೈಯಿಂದ ಹಾಕಿದರು ಅನ್ನುವುದೂ ಅದೇ ಹಾಳೆಯಲ್ಲಿ ಇರಲಿ. ಜೀಪ್ ಕೊಟ್ಟವರಿಗೂ, "ಮುಂದಿನ ವಾರ ಬಾ" ಅಂತ ಹೇಳಿ ಕೊನೆಗೂ ಏನೂ ಕೊಡದವರಿಗೂ ಆ ಹಾಳೆಯ ಒಂದೊಂದು ಪ್ರತಿ ತಲುಪಿಸಿ.